ಹರಿಪ್ರಸಾದರ ಬೆಳ್ಳಿ ಬಟ್ಟಲು

ಗಂಡ ಕಲ್ಮೇಶನನ್ನು ಅಮೆರಿಕದ ಶ್ಯಾಂಟಿಲಿಯಲ್ಲಿ ಮಣ್ಣು ಮಾಡಿ ನಾಲ್ಕು ದಿನವಾಗಿತ್ತು. ಏಪೆಕ್ಸ್ ಊರಿನಿಂದ ಬಂದಿದ್ದ ನೆಂಟರು ಭಾನುವಾರ ಹೊರಟುಹೋದರು. ಸೋಮವಾರ ಬೆಳಿಗ್ಗೆ ಎಂದಿನಂತೆ ಕಸದ ಲಾರಿ ಬಂತು. ಎದುರು ಮನೆಯವರು ಕಾರಿನ ಗಾಜಿನ ಮೇಲಿನ ಹಿಮ ಕೆರೆದರು. ಸಿದ್ದೇಶ್ವರಿ ಉಪ್ಪಿಟ್ಟು ಮಾಡಿ, ಒಬ್ಬಳೇ ಕೂತು ತಿಂದಳು. ಉಪ್ಪು ಹಾಕಿದ್ದಳೋ ಇಲ್ಲವೋ, ನಾಲಿಗೆಗೆ ತಿಳಿಯಲಿಲ್ಲ.

ಒಂಬತ್ತಕ್ಕೆ ಧಾರವಾಡದಿಂದ ಅತ್ತೆ ಶಿವಕ್ಕನ ಫೋನು.

"ಏನರ ತಿಂದೇನ?"

"ತಿಂದೇನ್ರಿ ಅತ್ತಿ."

"ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ. ಅಂವ ಕುಡದು ಗಾಡಿ ಹೊಡದಾನ ಅಂತ ಓಣ್ಯಾಗ ಮಾತಾಡ್ತಾರ. ಲಿಂಗ ಕಟ್ಟಿದ ಹುಡುಗ ಅಂವ. ಖರೇ ಏನು?"

"ಗೊತ್ತಿಲ್ರಿ. ಇವತ್ತು ಕೇಳಿ ಹೇಳ್ತೀನಿ."

"ಖರೇ ಇದ್ರೂ ಹೇಳವ್ವ. ನಾ ತಡ್ಕೋತೀನಿ."

ಕಲ್ಮೇಶನ ರಕ್ತಪರೀಕ್ಷೆಯ ವರದಿ ಪೊಲೀಸರಿಂದ ಬರಲು ಇನ್ನೂ ಆರು ವಾರ. ಅವರು ಕೊಟ್ಟ ಪ್ಲಾಸ್ಟಿಕ್ ಚೀಲದಲ್ಲಿ ವಾಚು, ಕೀಲಿಗಳು, ಅಂಗೈಯಗಲದ ಚಪ್ಪಟೆ ಬೆಳ್ಳಿ ಬಟ್ಟಲು ಇದ್ದವು. ವೈನಿನ ರುಚಿ ನೋಡುವ ಆ ಬಟ್ಟಲು ಹರಿಪ್ರಸಾದರದು. ಬೆಂಗಳೂರಿನಿಂದ ಬಂದು ಇಲ್ಲೇ ನೆಲೆಸಿದ್ದ ಈ ಹಿರಿಯರು ತಿಂಗಳಿಗೊಂದು ಶನಿವಾರ ಮಧ್ಯಾಹ್ನ ತಮ್ಮ ಬೇಸ್‌ಮೆಂಟಿನಲ್ಲಿ ಗೆಳೆಯರನ್ನು ಸೇರಿಸಿ, ಫ್ರಾನ್ಸಿನ ಒಂದೊಂದು ಸೀಮೆಯ ವೈನು ತೆರೆದು, ವರ್ಜಿನಿಯಾದ ಹ್ಯಾಮ್ ಎಂಬ ಉಪ್ಪು ಹಾಕಿದ ಹಂದಿ ಮಾಂಸ, ಹತ್ತಿರದ ಫಾರ್ಮಿನ ಚೀಸ್ ಜೊತೆ ರುಚಿ ತೋರಿಸುತ್ತಿದ್ದರು. ಕಲ್ಮೇಶ ಒಂದು ವರ್ಷದಿಂದ ಹೋಗುತ್ತಿದ್ದ. "ಬಾಯಾಗ ಆಡಿಸಿ ಉಗಳ್ತೀನಿ, ಗಂಟಲ ದಾಟಸಂಗಿಲ್ಲ" ಎನ್ನುತ್ತಿದ್ದ. ಮನೆಗೆ ಬಂದವನೇ ಬಾಯಿ ಮುಕ್ಕಳಿಸಿ ವಿಭೂತಿ ಹಚ್ಚಿಕೊಳ್ಳುತ್ತಿದ್ದ. ಅವಳಿಗೆ ನಗು ಬರುತ್ತಿತ್ತು. ಕಡೆಯ ಶನಿವಾರ ಅಲ್ಲಿಂದ ಬರುವಾಗಲೇ ಅವನ ಕಾರು ಕಂಬಕ್ಕೆ ಗುದ್ದಿತ್ತು.

ಸಿದ್ದೇಶ್ವರಿ ಚೀಲ ತೆಗೆದುಕೊಂಡು, ಕಾರು ಓಡಿಸಿಕೊಂಡು ಹರಿಪ್ರಸಾದರ ಮನೆಗೆ ಹೋದಳು. ಬಾಗಿಲು ತೆರೆದ ವರಲಕ್ಷ್ಮಿ ಅವಳನ್ನು ಕಂಡು ತಿರುಗಿ ಗಂಡನ ಮುಖ ನೋಡಿದರು. ಮಣ್ಣಿನ ದಿನ ಇಬ್ಬರೂ ದೂರದಲ್ಲಿ ನಿಂತಿದ್ದು, ಮಾತಾಡಿಸದೆ ಹೋಗಿದ್ದರು.

"ಅಂಕಲ್, ಅವತ್ತು ಅವರು ಉಗುಳಿದ್ರೋ, ಕುಡಿದ್ರೋ?"

"ಕೂತ್ಕೋಮ್ಮ. ಕಾಫಿ..."

"ಉಗುಳಿದ್ರೋ, ಕುಡಿದ್ರೋ?"

ಹರಿಪ್ರಸಾದ ತಾವೇ ಕುರ್ಚಿಯಲ್ಲಿ ಕೂತರು. "ಅವನಂಥ ಮೂಗು ನಮಗ್ಯಾರಿಗೂ ಇರ್ಲಿಲ್ಲ ಕಣಮ್ಮ. ಹ್ಯಾಮ್ ಮುಟ್ತಾನೇ ಇರ್ಲಿಲ್ಲ. ದೂರದಿಂದ ಮೂಸಿ, ಇದಕ್ಕೆ ಆ ಬಾಟ್ಲಿ ಸರಿ ಅನ್ನೋನು. ಕರೆಕ್ಟಾಗಿರೋದು! ಸ್ವಾಮಿಗಳೇ, ಆಶೀರ್ವಾದ ಮಾಡಿ ಅಂತ ಎಲ್ಲಾ ರೇಗಿಸ್ತಿದ್ವಿ."

"ಅವತ್ತು?"

"ಅವತ್ತು ಜೂರಾ ಸೀಮೇದು. ಹಳದಿ ವೈನು, ಸ್ಟ್ರಾಂಗು. ಬಾಯಿಗೆ ಹಾಕ್ಕೊಂಡೋನು ಉಗೀಲಿಲ್ಲ, ನುಂಗ್ಬಿಟ್ಟ. ಅಜ್ಜನ ಮನೆ ಕುಸುಬಿ ಗಾಣದ ವಾಸನೆ ಅಂದ. ಇನ್ನೊಂದ್ ಸ್ವಲ್ಪ ಹಾಕಿ ಅಂದ."

"ಎಷ್ಟು?"

"ಮೂರು ಗ್ಲಾಸು. ನಾಲ್ಕು."

"ಆಮೇಲೆ ಡ್ರೈವ್ ಮಾಡೋಕೆ ಬಿಟ್ರಾ?"

"ಉಗಿಯೋರು ಅಂದ್ರೆ ಪಳಗಿದೋರು ಕಣಮ್ಮ, ವೈನ್ ಜಡ್ಜ್‌ಗಳು. ನಾವೆಲ್ಲಾ ನುಂಗೋರು. ಒಂದ್ ವರ್ಷ ಉಗಿದಿದ್ದಾನೆ, ನಮ್ಮೆಲ್ಲರಿಗಿಂತ ಜಾಸ್ತಿ ತಡ್ಕೋತಾನೆ ಅನ್ಕೊಂಡೆ."

"ಅವರು ಅವತ್ತಿನ ತನಕ ಒಂದು ಹನಿ ನುಂಗಿರಲಿಲ್ಲ, ಅಂಕಲ್. ಧಾರವಾಡದಿಂದ ಅವರಮ್ಮ ಕೇಳ್ತಿದಾರೆ."

ವರಲಕ್ಷ್ಮಿ ಮೆಲ್ಲಗೆ, "ಅವರಮ್ಮಂಗೆ ಉಗುಳ್ದ ಅಂತಲೇ ಹೇಳ್ಬಿಡಮ್ಮ. ಅಷ್ಟು ದೂರದಲ್ಲಿದ್ದಾರೆ, ಪಾಪ" ಎಂದರು.

"ಅತ್ತಿ ಖರೇ ಕೇಳ್ಯಾರ."

ಆ ಬಾಟಲಿ ಉಳಿದಿದೆಯೇ ಎಂದು ಕೇಳಿದಳು. ತಳದಲ್ಲಿ ಬೆರಳಷ್ಟಿತ್ತು. ಅವಳು ಚೀಲದಿಂದ ಬಟ್ಟಲು ತೆಗೆದು ಮುಂದೆ ಹಿಡಿದಳು. ಹರಿಪ್ರಸಾದ ಸುರಿದರು. ಬಾಯಿಗೆ ಹಾಕಿಕೊಂಡು ತುಂಬ ಹೊತ್ತು ನಿಂತಳು. ಗಾಣ ಸಿಗಲಿಲ್ಲ, ಏನೂ ಸಿಗಲಿಲ್ಲ. ನಾಲಿಗೆ ಸುಮ್ಮನೆ ಉರಿಯಿತು. ಸಿಂಕಿಗೆ ಉಗುಳಿದಳು.

"ನಾ ಗಾಡಿ ಹೊಡೀಬೇಕು," ಎಂದಳು.

ಸೋಪು ಹಚ್ಚಿ ಬಟ್ಟಲು ತೊಳೆದು, ಒರೆಸಿ ತಂದಳು.

"ನಿನ್ನ ಹತ್ರಾನೇ ಇರ್ಲಿ ಬಿಡಮ್ಮ," ಎಂದರು ಹರಿಪ್ರಸಾದ. "ನಿನಗೆ ತೋರಿಸಿ ತರ್ತೀನಿ ಅಂತ ತಗೊಂಡು ಹೋಗಿದ್ದ."

"ಕೇಳಿ ಒಯ್ದದ್ದು, ತಿರುಗಿ ಕೊಡಬೇಕು, ಅಂಕಲ್."

ಅವರು ಎರಡೂ ಕೈ ಮುಂದೆ ಚಾಚಿದರು. ಅವಳು ಬಟ್ಟಲನ್ನು ಮೇಜಿನ ಮೇಲೆ, ಚೀಸ್ ಕೊಯ್ಯುವ ಹಲಗೆಯ ಪಕ್ಕಕ್ಕೆ ಇಟ್ಟಳು.