ಅವನು ಬಾರದ ನೀರು

“ಅವನ್ನ ಬಿಟ್ಟಿರೋ ನೀರಿಗೆ ನನ್ನ ಬಿಡ್ಬೇಡ ಕಣೇ ಯಶೋಧಾ” ಎಂದು ಅತ್ತೆ ದ್ರೌಪದಮ್ಮ ಕೇಳಿಕೊಂಡಾಗ, “ಆಯ್ತತ್ತೆ, ಬಿಡಲ್ಲ” ಎಂದು ಮಾತು ಕೊಟ್ಟವಳು ಯಶೋಧಾ. ಈಗ ಹೆಬ್ಬಾಳದ ವಿದ್ಯುತ್ ಚಿತಾಗಾರದ ಅಂಗಳದಲ್ಲಿ ಕೂತು, ಅತ್ತೆಯ ಬೂದಿ ತುಂಬಿದ, ಇನ್ನೂ ಬೆಚ್ಚಗಿದ್ದ ಮಡಕೆಯ ಬಾಯಿಗೆ ಬಿಳಿ ಬಟ್ಟೆ ಬಿಗಿಯುತ್ತಿದ್ದವಳೂ ಅವಳೇ. ಹಿರಿಯ ಮಗ, ಅಂದರೆ ಅವಳ ಗಂಡ ಗೋಕುಲ್, ಮಡಕೆ ಮುಟ್ಟಿದ ಕೈಗೆ ಆಗಲೇ ಎರಡು ಸಲ ಸ್ಯಾನಿಟೈಸರ್ ಹಚ್ಚಿಕೊಂಡಿದ್ದ. ಕಿರಿಯವ ಗಿರಿ ಅಮ್ಮನ ಫೋಟೋಗೆ ಫೋನಿನಲ್ಲೇ ಒಂದು ದೀಪ ಅಂಟಿಸಿ ಸ್ಟೇಟಸ್ ಹಾಕುವುದರಲ್ಲಿ ಮುಳುಗಿದ್ದ.

“ನಾಳೆ ಬೆಳಗ್ಗೆ ಶ್ರೀರಂಗಪಟ್ಟಣ,” ಗೋಕುಲ್ ಸಾರಿದ. “ಅಪ್ಪನ್ನ ಬಿಟ್ಟಿರೋ ಜಾಗದಲ್ಲೇ. ಅಷ್ಟ್ ವರ್ಷದ ಸಂಸಾರ, ಅಲ್ಲೂ ಜೊತೆಗಿರ್ಲಿ.”

ನೆಂಟರು ಲೊಚಗುಟ್ಟಿದರು. ಅಲ್ಲೂ ಅಂತೆ! ಇಲ್ಲಿ ಯಾವತ್ತು ಜೊತೆಗಿದ್ದರೋ! ಎಂದುಕೊಂಡ ಯಶೋಧಾ ಗಂಡನನ್ನು ನಲ್ಲಿಯ ಹತ್ತಿರ ಕರೆದಳು.

“ರೀ, ಅತ್ತೆಗೆ ಅದು ಬೇಡವಾಗಿತ್ತು. ಮಾವ ಇರೋ ಕಡೆ ಬಿಡಬೇಡ ಅಂತ ನನ್ ಹತ್ರ ಮಾತು ತಗೊಂಡಿದ್ರು.”

“ತಲೆ ಕೆಟ್ಟಿದ್ಯಾ ನಿಂಗೆ? ಅಮ್ಮ ಹಂಗನ್ನಕ್ಕೆ ಚಾನ್ಸೇ ಇಲ್ಲ. ಅಪ್ಪ ಅಂದ್ರೆ ದೇವ್ರು ಅವ್ಳಿಗೆ.”

“ಹೆದರ್ತಿದ್ರು. ಅದನ್ನೇ ನೀವು ಭಕ್ತಿ ಅಂದ್ಕೊಂಡ್ರಿ.”

“ಸಾಕು. ಚಿಕ್ಕಪ್ಪನ ಮುಂದೆ, ಗಿರಿ ಮುಂದೆ ಈ ಮಾತ್ ಎತ್ತಬೇಡ. ಸತ್ತೋರ ಮಾನ ತೆಗೀಬೇಡ.”

ಸತ್ತವರು ಇಬ್ಬರಿದ್ದಾರಲ್ಲ, ಯಾರ ಮಾನ ಎಂದು ಅವಳು ಕೇಳಲಿಲ್ಲ.

*

ಮಾವ ಮುನಿರಾಮಯ್ಯ ಯಲಹಂಕದಲ್ಲಿ ದೊಡ್ಡ ಮನುಷ್ಯ. ಊರವರ ಮನೆ ಜಗಳ ಬಿಡಿಸಲು ಇಸ್ತ್ರಿ ಮಾಡಿದ ಪಂಚೆ, ಸ್ವಂತ ಹೆಂಡತಿಯನ್ನು ಕರೆಯಲು ಒಂದು ಕೆಮ್ಮು. ದ್ರೌಪದಮ್ಮ ಎಂಬ ಹೆಸರು ಅವರ ಬಾಯಿಂದ ಬಂದದ್ದನ್ನು ಕೇಳಿದವರಿಲ್ಲ. ಅವರು ತೀರಿಕೊಂಡ ವರ್ಷ, ಒಂದು ಮಧ್ಯಾಹ್ನ ಅವರೆಕಾಯಿ ಬಿಡಿಸುತ್ತಾ ಅತ್ತೆ ಇದ್ದಕ್ಕಿದ್ದಂತೆ ಶುರುಮಾಡಿದ್ದರು:

“ನಮ್ ತವರಿಂದ ಬತ್ತಿದ್ವಿ, ಎಸರಘಟ್ಟದಿಂದ. ಗೋಕುಲ ಕಂಕುಳಲ್ಲಿ. ಬಸ್ ಬಂತು, ನಿಮ್ ಮಾವ ಒಬ್ನೇ ಅತ್ಕಂಡ್ಬಿಟ್ಟ. ನಾನು ಮಗೀನ ಎತ್ಕಂಡು ಓಡೋಷ್ಟ್ರಲ್ಲಿ ಬಸ್ಸೇ ಓಯ್ತು. ರಾತ್ರಿ ಉಣ್ಣಕ್ ಕೂತಾಗ ನೆಪ್ಪಾಯ್ತಂತೆ, ನಾನಿಲ್ಲ ಅಂತ.”

“ಆಮೇಲೆ ಹುಡುಕ್ಕೊಂಡ್ ಬಂದ್ರಾ?”

“ಬತ್ತಾನಾ? ಮುದ್ದೆ ಬಡ್ಸಕ್ಕೆ ಪಕ್ಕದ್ಮನೆಯೋಳ್ನ ಕರ್ದ.”

ಅತ್ತೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದರು. ನಗು ನಿಂತ ಮೇಲೆ ಒಂದೊಂದೇ ಕಾಳು ಬಿಡಿಸುತ್ತಾ ಹೇಳಿದ್ದರು: “ಸತ್ಮೇಲೂ ಅವನ್ ಇಂದಿಂದೆ ಓಡಕ್ಕೆ ನನ್ ಕೈಲಾಗಲ್ಲ. ನನ್ ತವರಿನ ಕೆರೆಗೆ ಬಿಟ್ಬಿಡು. ಅಲ್ಲಿಗೆ ಅವ್ನು ಬರಲ್ಲ.”

*

ಚಿತಾಗಾರದಿಂದ ಮಡಕೆ ಮನೆಯವರೆಗೆ ಬಂದದ್ದು ಆಟೋದಲ್ಲಿ, ಯಶೋಧಾಳ ತೊಡೆಯ ಮೇಲೆ. ಅಪಾರ್ಟ್‌ಮೆಂಟಿನ ಗೇಟಿನಲ್ಲಿ ತಕರಾರು ಎದ್ದಿತು. ಬೂದಿ ಮನೆಯೊಳಗೆ ಬರುವಂತಿಲ್ಲ. ಹಳೇ ಮನೆಯಾಗಿದ್ದರೆ ಹೊರಗಿನ ಹೊಂಗೆ ಮರಕ್ಕೆ ಕಟ್ಟಿಬಿಡುತ್ತಿದ್ದರು. ಇಲ್ಲಿ ಮರವೆಂದರೆ ಕುಂಡದಲ್ಲಿ ನಿಂತ ಎರಡು ಶೋಕಿ ಗಿಡ. ಅವುಗಳ ಪಕ್ಕ ಇಡಲೂ ಅಸೋಸಿಯೇಷನ್ನಿನವರನ್ನು ಕೇಳಬೇಕೆಂದ ಸೆಕ್ಯುರಿಟಿಯವನು.

“ನಿಮ್ ಕಾರ್ ಡಿಕ್ಕೀಲಿಡಿ,” ಯಶೋಧಾ ಗಂಡನಿಗೆ ಹೇಳಿದಳು. “ಬೆಳಗ್ಗೆ ಹೆಂಗೂ ಅದ್ರಲ್ಲೇ ಹೋಗೋದಲ್ವಾ?”

ಗೋಕುಲ್ ಬಿಳುಚಿಕೊಂಡ. “ರಾತ್ರಿಯೆಲ್ಲಾನಾ? ಹೊಸ ಗಾಡಿ ಕಣೆ. ಸೀಟಿನ ಪ್ಲಾಸ್ಟಿಕ್ ಕೂಡ ಇನ್ನೂ ತೆಗ್ದಿಲ್ಲ.”

“ಗಿರಿ, ನಿಂದ್ರಲ್ಲಿ?”

“ಅಯ್ಯೋ ಅತ್ತಿಗೆ, ಮಕ್ಳು ಕೂರೋ ಗಾಡಿ!”

ಒಂಬತ್ತು ತಿಂಗಳು ಹೊಟ್ಟೆಯಲ್ಲಿಟ್ಟುಕೊಂಡವಳನ್ನು ಒಂದು ರಾತ್ರಿ ಡಿಕ್ಕಿಯಲ್ಲಿ ಇಟ್ಟುಕೊಳ್ಳಲಾರದ ಗಂಡುಮಕ್ಕಳು! ಅವರ ಈ ಹೇಸಿಗೆಯೇ ತನಗೆ ಅನುಕೂಲವಾಗುತ್ತದೆಂದು ಯಶೋಧಾಗೆ ಹೊಳೆಯಿತು.

“ಹಂಗಾದ್ರೆ ಇವತ್ತೇ ಬಿಟ್ಬಿಡಣ. ಹೆಸರಘಟ್ಟ ಇಲ್ಲೇ ಹತ್ರ. ಅತ್ತೆ ತವರು.”

ಮುನಿರಾಮಯ್ಯನವರ ತಮ್ಮ ವೆಂಕಟೇಶಪ್ಪ ಎಲೆಅಡಿಕೆ ಉಗುಳಿ ಬಂದು, “ಸರ್ಯಾದ ಮಾತು. ಅಲ್ಗೇ ಓಗಣ” ಎಂದರು. ಗಿರಿಯೂ ತಟ್ಟನೆ ತಲೆಯಾಡಿಸಿದ. ಗೋಕುಲ್ ಒಮ್ಮೆ ಕಾರಿನತ್ತ ನೋಡಿ ಒಪ್ಪಿಕೊಂಡ. ಈ ಮನೆಯ ಗಂಡಸರು ಅವಳ ಮಾತಿಗೆ ಇಷ್ಟು ಸಲೀಸಾಗಿ ತಲೆದೂಗಿದ್ದು ಇದೇ ಮೊದಲು. ಗೆದ್ದೆ ಎಂದುಕೊಂಡು ಅವಳು ಮಡಕೆ ಹಿಡಿದು ಮತ್ತೆ ಆಟೋ ಹತ್ತಿದಳು. ಕಾರುಗಳು ಮುಂದೆ ಹೋದವು.

*

ಕೆರೆಗೆ ಬಂದಾಗ ಬಿಸಿಲು ಇಳಿದಿತ್ತು. ಗೋಕುಲ್ ಪ್ಯಾಂಟು ಮಡಚಿ ಎರಡು ಹೆಜ್ಜೆ ನೀರಿಗಿಳಿದು, ಬಟ್ಟೆ ಬಿಚ್ಚಿ, ಮುಖ ತಿರುಗಿಸಿಕೊಂಡೇ ಮಡಕೆ ಬೋರಲು ಹಾಕಿದ. ಅತ್ತೆ ಸದ್ದಿಲ್ಲದೆ ನೀರಿಗೆ ಸೇರಿದರು. ಬೆಳಗ್ಗಿನಿಂದ ಹಿಡಿದಿಟ್ಟಿದ್ದ ಉಸಿರನ್ನು ಯಶೋಧಾ ಬಿಟ್ಟಳು.

ವೆಂಕಟೇಶಪ್ಪ ಕೈಮುಗಿದು ಗೊಳೋ ಎಂದರು: “ಅಣ್ಣಾ, ಅತ್ತಿಗೆ ಬಂದವ್ರೆ ನೋಡಪ್ಪಾ! ಇನ್ ನೀನು ಒಂಟಿಯಲ್ಲ!”

“ಮಾವನ್ನ ಬಿಟ್ಟಿದ್ದು ಶ್ರೀರಂಗಪಟ್ಟಣದಲ್ಲಲ್ವಾ?” ಯಶೋಧಾ ಗಿರಿಯತ್ತ ತಿರುಗಿದಳು.

ಗಿರಿ ತಲೆ ಕೆರೆದುಕೊಂಡು ನಕ್ಕ. “ಅವತ್ತು ಕಾವೇರಿ ಬಂದ್ ಇತ್ತಲ್ಲ ಅತ್ತಿಗೆ. ಅಣ್ಣಂಗೆ ಡೆಂಗ್ಯೂ, ನಾನು ಚಿಕ್ಕಪ್ಪ ಇಬ್ರೇ ಹೊರಟ್ವಿ. ಮೈಸೂರ್ ರೋಡಲ್ಲಿ ನೋಡಿದ್ರೆ ಟೈರ್ ಸುಡ್ತಾವ್ರೆ. ಚಿಕ್ಕಪ್ಪನ ಫ್ರೆಂಡ್ ತೋಟ ಇಲ್ಲೇ ಇತ್ತು, ಊಟಾನೂ ರೆಡಿಯಿತ್ತು... ಇಲ್ಲೇ ಬಿಟ್ವಿ.”

“ಮತ್ತೆ ಅವತ್ತು ಬಂದು ಮನೆಗೆಲ್ಲಾ ಕಾವೇರಿ ನೀರು ಚಿಮುಕಿಸಿದ್ರಲ್ಲಾ?”

“ನಲ್ಲೀದು. ಅದೂ ಕಾವೇರೀನೇ ಅಲ್ವಾ?”

ಗೋಕುಲ್ ಒಂದು ಗಳಿಗೆ ಬೆಪ್ಪಾಗಿ ನಿಂತ. ಆಮೇಲೆ ಅವನ ಮುಖ ಅರಳಿತು. “ನೋಡ್ದಾ? ನಾನ್ ಹೇಳ್ದಂಗೇ ಆಯ್ತು. ಅಪ್ಪನ್ ಜೊತೆನೇ!”

ಯಶೋಧಾ ಸೀರೆ ಎತ್ತಿಕಟ್ಟದೆ ನೀರಿಗಿಳಿದಳು. ಬೂದಿಯ ತೆಳ್ಳನೆಯ ಪದರ ದೂರ ಹೋಗದೆ ದಡದ ಜೊಂಡಿಗೆ ಅಂಟಿಕೊಂಡು ತೂಗಾಡುತ್ತಿತ್ತು. ಬೊಗಸೆಯೊಡ್ಡಿ ಎತ್ತಿದಳು. ಬಂದದ್ದು ಬರೀ ಕೆರೆ ನೀರು. ಮೇಲೆ ಮೂವರು ಗಂಡಸರು ಪಾದದ ಕೆಸರನ್ನು ಹುಲ್ಲಿಗೆ ಒರೆಸಿಕೊಳ್ಳುತ್ತಿದ್ದರು.

ಅತ್ತೆಗೆ ಕೊಟ್ಟ ಮಾತು ನಡೆಯಲಿಲ್ಲ.