ಭಾನುವಾರದ ಹತ್ತು ನಿಮಿಷ

"ನಾನು ಇಸ್ತ್ರಿ ಮಾಡಿದ ಪ್ಯಾಂಟಿನ ಗೆರೆ ಎಷ್ಟು ಹರಿತ ಅಂದ್ರೆ, ನಮ್ಮ ವಕೀಲರು ಅದನ್ನ ಹಾಕ್ಕೊಂಡು ಬಸ್ಸಲ್ಲಿ ಕಾಲ ಮೇಲೆ ಕಾಲು ಹಾಕಿದ್ದೇ ತಡ, ಮುಂದಿನ ಸೀಟು ಎರಡು ಹೋಳು! ಕಂಡಕ್ಟರು ಬಂದು ಒಂದೊಂದು ಹೋಳಿಗೂ ಬೇರೆ ಬೇರೆ ಟಿಕೆಟ್ ಹರಿದ ಕಣೋ."

ಹೇಳಿ ಉಸಿರು ಹಿಡಿದು ಕೂತೆ. ಒಂದು, ಎರಡು. ಆಮೇಲೆ ಫೋನಿನ ಆ ತುದಿಯಲ್ಲಿ ಮಗ ನಕ್ಕ. ಅವನಿರುವುದು ಭೂಮಿಯ ತಳದ ಹಿಮದಲ್ಲಿ. ನನ್ನ ಮಾತು ಆಕಾಶ ಹತ್ತಿ ಅವನ ಕಿವಿಗೆ ಇಳಿಯಲು ಒಂದು ಸೆಕೆಂಡು, ಅವನ ನಗು ಅದೇ ದಾರಿಯಲ್ಲಿ ವಾಪಸು ಬರಲು ಇನ್ನೊಂದು. ತಮಾಷೆ ಹೇಳಿ ಎರಡು ಸೆಕೆಂಡು ಕಾಯುವುದಿದೆಯಲ್ಲ, ಅದಕ್ಕೆ ಎಂಟೆದೆ ಬೇಕು. ನನಗೆ ಹದಿನಾರಿದೆ.

ಇಪ್ಪತ್ತೆರಡು ಜನರ ತಂಡ ಅದು. ಹಿಮವನ್ನು ಕೊರೆದು ಅದರ ವಯಸ್ಸು ಹಿಡಿಯುವ ವಿಜ್ಞಾನಿಗಳು, ಒಬ್ಬ ಡಾಕ್ಟರು, ಒಬ್ಬ ಅಡುಗೆಯವನು, ಮತ್ತೆ ಜನರೇಟರ್ ನೋಡಿಕೊಳ್ಳುವ ನನ್ನ ಮಗ. ಅವನ ಜನರೇಟರ್ ನಿಂತರೆ ಅಲ್ಲಿನ ಜನ ಚಳಿಗೆ ಸೆಟೆದುಹೋಗುತ್ತಾರೆ ಎಂಬುದು ನಿಜ. ಲಾಂಡ್ರಿಗೆ ಬರುವ ಗಿರಾಕಿಗಳಿಗೆ ಮಾತ್ರ, ಭೂಮಿ ತಿರುಗುವುದೇ ನಿಂತುಹೋಗುತ್ತದೆ ಎಂದು ಹೇಳಿಟ್ಟಿದ್ದೇನೆ. ಚಳಿಗಾಲ ಒಮ್ಮೆ ಬಾಗಿಲು ಹಾಕಿಕೊಂಡರೆ ಎಂಟು ತಿಂಗಳು ಅಲ್ಲಿಗೆ ಹಡಗಿಲ್ಲ, ವಿಮಾನವಿಲ್ಲ. ಭಾನುವಾರ ಬೆಳಿಗ್ಗೆ ಹತ್ತು ಗಂಟೆಯಿಂದ, ತಂಡವನ್ನು ಕಳಿಸಿದ ಕಚೇರಿಯ ಎರಡನೇ ಮಹಡಿಯಲ್ಲಿ, ಮನೆಗೊಬ್ಬರಂತೆ ಹತ್ತು ನಿಮಿಷ ಮಾತು. ಅಷ್ಟೇ.

ಆ ಕೋಣೆಯಲ್ಲಿ ಒಂದು ಮೇಜು, ಒಂದು ಫೋನು, ಕಾಲಿಗೆ ಕಾಗದ ಮಡಚಿ ಇಟ್ಟ ಒಂದು ಕುರ್ಚಿ. ಮೂಲೆಯಲ್ಲಿ ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟುಕೊಂಡು ಕೂರುವ ಗುಮಾಸ್ತೆ. ಒಂಬತ್ತು ನಿಮಿಷವಾಯಿತೆಂದರೆ ಪೆನ್ಸಿಲಿನಿಂದ ಟಕ್ ಟಕ್ ಎಂದು ಕುಟ್ಟುತ್ತಾಳೆ. ಅವಳಿಗೆ ನಾನಿಟ್ಟ ಹೆಸರು ನಿಮಿಷದಮ್ಮ.

"ಅಕ್ಕನ ಮಗು ಹೇಗಿದೆ ಅಮ್ಮ?"

"ಅದಾ? ಹಲ್ಲು ಬಂದಿದೆ. ಒಂದೇ ವಾರದಲ್ಲಿ ಇಪ್ಪತ್ತು! ಮೊನ್ನೆ ಮಂಚದ ಕಾಲು ಕಡಿದುಹಾಕ್ತು."

"ಹತ್ತರಿಂದ ಭಾಗಿಸಿದೆ. ಎರಡು ಹಲ್ಲು."

"ಎರಡೂವರೆ," ಎಂದೆ. ಪೂರ್ತಿ ಸೋಲುವ ಜಾತಿ ನಮ್ಮದಲ್ಲ.

ಹತ್ತರಿಂದ ಭಾಗಿಸುವುದು ಅವನಿಗೆ ಅವರಪ್ಪ ಕಲಿಸಿಕೊಟ್ಟ ವಿದ್ಯೆ. ನಮ್ಮ ಯಜಮಾನರು ಲಿಫ್ಟ್ ಮೆಕ್ಯಾನಿಕ್. ದಿನಕ್ಕೆ ಹನ್ನೊಂದು ಮಾತಾಡಿದರೆ ಹೆಚ್ಚು, ಅದರಲ್ಲಿ ಒಂಬತ್ತು ನನ್ನನ್ನು ತಿದ್ದುವುದಕ್ಕೆ ಖರ್ಚು. ನಾನು "ಊರೆಲ್ಲಾ ಬಂದಿತ್ತು" ಎಂದರೆ ಅವರು "ಐದು ಜನ" ಎನ್ನುವರು. ಭಾನುವಾರದ ಫೋನಿಗೆ ಅವರು ಒಮ್ಮೆಯೂ ಬಂದವರಲ್ಲ. ಆಫೀಸುಗಳು ಮುಚ್ಚಿರುವ ದಿನವೇ ಲಿಫ್ಟುಗಳ ಹೊಟ್ಟೆ ಬಿಚ್ಚಲು ಸಾಧ್ಯ. ಹಾಗಾಗಿ ಅವರ ಭಾನುವಾರಗಳೆಲ್ಲ ಯಾವುದೋ ಕಟ್ಟಡದ ನೆತ್ತಿಯ ಮೇಲಿನ ಮೋಟಾರು ಕೋಣೆಯಲ್ಲೇ. ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತಾ, ನನ್ನ ಮುಖ ನೋಡದೆ, "ಬೆಲ್ಟ್ ಬಿಗಿ ನೋಡ್ತಿರು ಅಂತ ಹೇಳು ಅವನಿಗೆ" ಎನ್ನುವರು. ಜನರೇಟರಿನ ಬೆಲ್ಟು. ಅವರ ಭಾಷೆಯಲ್ಲಿ ಅದು ಮುದ್ದಿನ ಮಾತು.

ಮೊದಲ ಮೂರು ಭಾನುವಾರ ನಾನು ಆ ಮಾತು ಮುಟ್ಟಿಸಿದೆ. ನಾಲ್ಕನೆಯ ಭಾನುವಾರ ಅದನ್ನು ಹೇಳಿಕಳಿಸಲು ಅವರೇ ಇರಲಿಲ್ಲ. ಆ ವಾರದ ಮಂಗಳವಾರ, ಲಿಫ್ಟು ಕೆಟ್ಟು ನಿಂತ ಹನ್ನೆರಡು ಮಹಡಿಯ ಕಟ್ಟಡದ ಮೋಟಾರು ಕೋಣೆಯಲ್ಲಿ, ಎದೆನೋವು ಬಂದು, ತಮ್ಮ ಹತ್ಯಾರದ ಪೆಟ್ಟಿಗೆಗೆ ಒರಗಿ ಕೂತವರು ಮತ್ತೆ ಏಳಲಿಲ್ಲ.

ಸುದ್ದಿ ಬಂದದ್ದೇ ನಾನು ಓಡಿದ ಓಟ ನೋಡಬೇಕಿತ್ತು. ಎದುರಿಗೆ ಬಂದ ಬಸ್ಸುಗಳು ಪಕ್ಕಕ್ಕೆ ಸರಿದು ದಾರಿ ಬಿಟ್ಟವು. ಹನ್ನೆರಡು ಮಹಡಿಯನ್ನು ಒಂದೇ ಉಸಿರಿಗೆ ಹತ್ತಿದೆ. ಅವರಿಗಿನ್ನೂ ಜೀವವಿತ್ತು. ನನ್ನ ಮಡಿಲಲ್ಲಿ ತಲೆಯಿಟ್ಟು, ಕೈ ಹಿಡಿದುಕೊಂಡು, ಮದುವೆಯಾದ ಮೇಲೆ ಆಡದ ಮಾತನ್ನೆಲ್ಲ ಆಡಿದರು. ಮಗಳಿಗೂ ಬಂಧುಗಳಿಗೂ ಹೀಗೇ ಹೇಳಿದೆ. ಕೇಳಿದವರೆಲ್ಲ, "ಪುಣ್ಯವಂತೆ, ಕೊನೇ ಗಳಿಗೇಲಿ ಜೊತೆಗಿದ್ದೆ" ಎಂದು ಕಣ್ಣೊರೆಸಿಕೊಂಡರು.

ಮೂರು ದಿನ ಕಳೆದು ನಿಮಿಷದಮ್ಮ ನನ್ನನ್ನು ಕರೆಸಿದಳು. ಹೊರಡುವ ಮೊದಲು ತಂಡದವರೆಲ್ಲ ಒಂದು ಫಾರಂ ತುಂಬಬೇಕಂತೆ: ಚಳಿಗಾಲದಲ್ಲಿ ಮನೆಯಲ್ಲಿ ಕೆಟ್ಟದ್ದೇನಾದರೂ ನಡೆದರೆ ಕೂಡಲೇ ತಿಳಿಸಬೇಕೋ, ವಾಪಸು ಬಂದ ಮೇಲೋ, ಅಥವಾ ಮನೆಯವರು ಹೇಳಿದ ಹಾಗೋ. ಮೂರು ಚೌಕ. ನನ್ನ ಮಗ ಮೂರನೆಯದಕ್ಕೆ ಗುರುತು ಹಾಕಿ, ಎದುರಿಗೆ 'ಅಮ್ಮ' ಎಂದು ಬರೆದಿದ್ದ.

"ನೀವು ಹೇಳಿದ ಹಾಗೆ ಅಮ್ಮಾವ್ರೇ," ಎಂದಳು ಅವಳು.

"ಹೇಳಿದ್ರೆ ಏನಾಗುತ್ತೆ?"

ಅವಳು ಪೆನ್ಸಿಲನ್ನು ಕೆಳಗಿಟ್ಟಳು. "ಹಿಂದೆ ಒಬ್ಬರಿಗೆ ಹೇಳಿದ್ವಿ. ಕೇಳಿ ಸುಮ್ಮನೆ ಫೋನಿಟ್ಟರಂತೆ. ಆಮೇಲೆ ಕೋಟು ಹಾಕ್ಕೊಳ್ಳದೆ ಬಾಗಿಲು ತೆಗೆದು ಹೊರಗೆ ನಡೆದುಬಿಟ್ಟರು. ಹುಡುಕಿ ತಂದರು, ಬದುಕಿದರು. ಎಂಟು ಬೆರಳು ಹೋದವು." ಆಮೇಲೆ, "ಹೇಳಿದ್ದನ್ನ ತಡ್ಕೊಂಡವರೂ ಇದ್ದಾರೆ," ಎಂದಳು. ಆ ಮಾತು ನನ್ನ ಕಿವಿಗೆ ಬೀಳಲಿಲ್ಲ.

"ಹೇಳಬೇಡಿ," ಎಂದೆ. "ನಾನಿದ್ದೀನಲ್ಲ. ಸುಳ್ಳು ಹೇಳೋದರಲ್ಲಿ ನನ್ನನ್ನ ಮೀರಿಸೋರು ಮೂರು ಲೋಕದಲ್ಲಿ ಇಲ್ಲ."

ಮಗಳು ಕುದಿದುಹೋದಳು. "ಅವನೇನು ಕೈಕೂಸಾ ಅಮ್ಮ? ನಾಳೆ ಬಂದು, ಎಂಟು ತಿಂಗಳು ನನ್ನ ಹತ್ರ ನಾಟಕ ಆಡಿದ್ರಾ ಅಂತ ಕೇಳಿದ್ರೆ ಏನು ಹೇಳ್ತೀಯ?"

"ಮೊದಲು ಹತ್ತು ಬೆರಳು ಇಟ್ಕೊಂಡು ಬರಲಿ. ಆಮೇಲೆ ಆ ಬೆರಳಲ್ಲೇ ನನ್ನ ಕತ್ತು ಹಿಸುಕಲಿ ಬೇಕಾದ್ರೆ," ಎಂದೆ.

ಹೀಗೆ ಶುರುವಾಯಿತು. ವಾರವಿಡೀ ಲಾಂಡ್ರಿಯಲ್ಲಿ ಇಸ್ತ್ರಿ ತಿಕ್ಕುತ್ತಾ, ಭಾನುವಾರಕ್ಕೆ ಬೇಕಾದ ಯಜಮಾನರನ್ನು ತಯಾರು ಮಾಡುತ್ತಿದ್ದೆ. ಮೊದಲು ಕಾಲರು, ಆಮೇಲೆ ಹೆಗಲು, ಆಮೇಲೆ ತೋಳು, ಕೊನೆಗೆ ಮೈ. ಅಂಗಿಗೆ ಇರುವ ಕ್ರಮ ಸುಳ್ಳಿಗೂ ಇದೆ. ಒಂದು ವಾರ ನಿಮ್ಮಪ್ಪ ನನಗೆ ಹೊಸ ಕೊಡೆ ತಂದುಕೊಟ್ಟರು ಎಂದೆ. ಇನ್ನೊಂದು ವಾರ, ನನಗೆ ಜ್ವರ ಬಂದಿತ್ತು, ನಿಮ್ಮಪ್ಪನೇ ಅಡುಗೆ ಮಾಡಿ ಬಡಿಸಿದರು, ಅದೂ ಉಪ್ಪು ಸರಿಯಾಗಿ ಹಾಕಿ ಎಂದೆ. ಮತ್ತೊಂದು ವಾರ, ಸಂಜೆ ಬಾಲ್ಕನಿಯಲ್ಲಿ ಇಬ್ಬರೂ ಕೂತು ಮಾತಾಡಿದೆವು, ನಿನ್ನ ಹಳೇ ಕಥೆ ಎಲ್ಲ ತೆಗೆದರು ಎಂದೆ. ಬೆಲ್ಟಿನ ಮಾತನ್ನು ಮಾತ್ರ ಪ್ರತಿ ವಾರ ಮರೆಯದೆ ಮುಟ್ಟಿಸುತ್ತಿದ್ದೆ. ಅವನು ಕೇಳುತ್ತಿದ್ದ. "ಹೌದಾ," ಎನ್ನುತ್ತಿದ್ದ. ಫೋನಿಟ್ಟು ಮೆಟ್ಟಿಲಿಳಿಯುವಾಗ, ಇದೊಂದು ವಾರವೂ ಮಗನನ್ನು ಬೆಚ್ಚಗೆ ಒಳಗೇ ಕೂಡಿಹಾಕಿದೆ ಎಂದು ನನಗೆ ನಾನೇ ಬೆನ್ನು ತಟ್ಟಿಕೊಳ್ಳುತ್ತಿದ್ದೆ. ಇನ್ನೊಂದು ಮಾತು ಹೇಳಿಬಿಡುತ್ತೇನೆ. ಆ ಹತ್ತು ನಿಮಿಷ ಯಜಮಾನರು ಇದ್ದರು. ಬರೀ ಅವನಿಗೋಸ್ಕರ ಅಲ್ಲ.

ವಕೀಲರ ಪ್ಯಾಂಟಿನ ಕಥೆ ಹೇಳಿದ್ದು ಹದಿನಾರನೆಯ ಭಾನುವಾರ. ಮಗುವಿನ ಹಲ್ಲು ಮುಗಿಸಿ, ನಾನು ಎಂದಿನಂತೆ ಶುರು ಮಾಡಿದೆ.

"ನಿಮ್ಮಪ್ಪ ನಿನ್ನೆ ಏನು ಮಾಡಿದ್ರು ಗೊತ್ತಾ? ಕೆಲಸದಿಂದ ಬಂದವರು ನೇರ ಬಚ್ಚಲಿಗೆ ಹೋಗಿ, ಸೋಪು ಹಚ್ಚಿ ಕೈ ತೊಳ್ಕೊಂಡು, ಆಮೇಲೆ ನನ್ನ ಬಿಳೀ ಟವೆಲ್ ಮುಟ್ಟಿದ್ರು. ನೂರು ವರ್ಷದಲ್ಲಿ ಮೊದಲನೇ ಸಲ! ನಾನು ಕ್ಯಾಲೆಂಡರಲ್ಲಿ ಗುರುತು ಹಾಕಿದೆ."

ಒಂದು, ಎರಡು. ನಗು ಬರಲಿಲ್ಲ. ಮೂರು, ನಾಲ್ಕು.

"ಕೇಳಿಸ್ತೇನೋ?"

"ಕೇಳಿಸ್ತು," ಎಂದ. ಆಮೇಲೆ, ಮೆಲ್ಲಗೆ, "ಅಮ್ಮ, ಅಪ್ಪ ಯಾವಾಗ ಹೋದ್ರು?"

"ಎಲ್ಲಿಗೆ? ಕೆಲಸಕ್ಕೆ? ಇವತ್ತು ಭಾನುವಾರ ಅಲ್ವೇನೋ, ಬೆಳಿಗ್ಗೆ ಏಳಕ್ಕೇ..."

"ಮೊದಲ ಮೂರು ವಾರ ನೀನು ಅಪ್ಪನ್ನ ಬೈದೇ ಬೈದೆ. ಗ್ರೀಸ್ ಕೈ ಒರೆಸಿದ ಟವೆಲ್ ಹಿಂಡಿದ್ರೆ ಮೂರು ಲಿಫ್ಟು ಓಡಿಸಬಹುದು ಅಂದೆ. ಗೊರಕೆಗೆ ಪಕ್ಕದ ಮನೆಯವರು ಮನೆ ಖಾಲಿ ಮಾಡಿದ್ರು ಅಂದೆ. ನಾಲ್ಕನೇ ವಾರದಿಂದ ಒಂದು ಬೈಗುಳ ಇಲ್ಲ ಅಮ್ಮ. ಅಪ್ಪ ನಿನ್ನ ಒಂದು ಮಾತೂ ತಿದ್ದಿಲ್ಲ. ಕೊಡೆ ತಂದುಕೊಟ್ಟರಂತೆ. ಬಾಲ್ಕನಿಯಲ್ಲಿ ಕೂತು ಮಾತಾಡಿದ್ರಂತೆ. ಅಪ್ಪನ್ನ ಇಷ್ಟು ಹೊಗಳಬೇಕಾದ್ರೆ..." ಆ ಮಾತನ್ನು ಅಲ್ಲೇ ಬಿಟ್ಟು ಮುಂದುವರಿಸಿದ. "ಮೂರು ತಿಂಗಳಿಂದ ನಾನೂ ಕೇಳ್ತಿದ್ದೀನಿ. ಮುಂದಿನ ವಾರ ಬೈತೀಯ, ಮುಂದಿನ ವಾರ ಬೈತೀಯ ಅಂತ."

ಇಷ್ಟು ದಿನ ನಾನು ಅವನನ್ನು ಕಾಯುತ್ತಿದ್ದೇನೆ ಅಂದುಕೊಂಡಿದ್ದೆ. ಅವನು ಅಲ್ಲಿ, ಆ ಕತ್ತಲ ಚಳಿಯಲ್ಲಿ, ವಾರಕ್ಕೊಮ್ಮೆ ಬಂದು ನನ್ನ ಬೈಗುಳಕ್ಕಾಗಿ ಕಾದಿದ್ದ. ಹೇಳಿದ ತಮಾಷೆಗೆಲ್ಲ ನಕ್ಕಿದ್ದ.

"ಹೊರಗೆ ಹೋಗಬೇಡ ಕಣೋ," ಎಂದೆ. ಬಾಯಿಗೆ ಬಂದದ್ದು ಅದೊಂದೇ. "ಕೋಟು ಹಾಕ್ಕೊ. ಬಾಗಿಲು ತೆಗೀಬೇಡ."

"ಎಲ್ಲೂ ಹೋಗಲ್ಲ. ಡಾಕ್ಟರು ಪಕ್ಕದಲ್ಲೇ ಕೂತಿದ್ದಾರೆ. ನಾನೇ ಬರೋಕೆ ಹೇಳಿದ್ದು, ಇವತ್ತು ಕೇಳೇ ಕೇಳ್ತೀನಿ ಅಂತ."

ಮೂಲೆಯಲ್ಲಿ ನಿಮಿಷದಮ್ಮ ಕೈಗಡಿಯಾರವನ್ನು ಎತ್ತಿ ಮೇಜಿನ ಡ್ರಾಯರಿಗೆ ಹಾಕಿದಳು. ಕುಟ್ಟಬೇಕಾದ ಪೆನ್ಸಿಲ್ ಅವಳ ಕೈಯಲ್ಲಿ ಸುಮ್ಮನಿತ್ತು.

ನಾನು ಹೇಳಿದೆ. ಮಂಗಳವಾರ, ಮೋಟಾರು ಕೋಣೆ, ಎದೆನೋವು. ಅವನ ಉಸಿರು ಮಾತ್ರ ಕೇಳಿಸುತ್ತಿತ್ತು, ಅದೂ ಒಂದು ಸೆಕೆಂಡು ಹಳೆಯದು. ಕೊನೆಗೆ ಕೇಳಿದ:

"ನೀನು ಜೊತೆಗಿದ್ಯಾ ಅಮ್ಮ?"

"ಇದ್ದೆ ಕಣೋ! ಸುದ್ದಿ ಬಂದಿದ್ದೇ ಎಂಥಾ ಓಟ ಓಡಿದೆ ಅಂತೀಯ, ಬಸ್ಸುಗಳೆಲ್ಲ ಪಕ್ಕಕ್ಕೆ ಸರಿದವು. ಹನ್ನೆರಡು ಮಹಡಿ ಒಂದೇ ಉಸಿರಿಗೆ..."

"ಅಮ್ಮ," ಎಂದ.

ಅಷ್ಟೇ ಎಂದ. ಬೈದಿದ್ದರೆ ಬೈದು ಗೆಲ್ಲುತ್ತಿದ್ದೆ, ನಕ್ಕಿದ್ದರೆ ಇನ್ನೊಂದು ಸುಳ್ಳು ಸೇರಿಸುತ್ತಿದ್ದೆ. ಅವನು ಅಪ್ಪನ ದನಿಯಲ್ಲಿ ಅಷ್ಟನ್ನೇ ಹೇಳಿದ. ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

"ಇರಲಿಲ್ಲ," ಎಂದೆ. "ಲಿಫ್ಟು ಕೆಟ್ಟಿತ್ತಲ್ಲ, ಮೆಟ್ಟಿಲು ಹತ್ತಬೇಕಿತ್ತು. ನಾಲ್ಕು ಸಲ ಕೂತು ಹತ್ತಿದೆ. ಹೋಗೋ ಹೊತ್ತಿಗೆ ಎಲ್ಲ ಮುಗಿದು ಎಷ್ಟೋ ಹೊತ್ತಾಗಿತ್ತು. ಕಾವಲಿನವನು ಅವರ ಮೇಲೆ ತನ್ನ ಶಾಲು ಹೊದಿಸಿದ್ದ. ಮಾತು ಗೀತು ಏನೂ ಇಲ್ಲ. ಇದನ್ನ ಅಕ್ಕನಿಗೂ ಹೇಳಿಲ್ಲ."

ಇಲ್ಲಿಗೇ ನಿಲ್ಲಿಸಬಹುದಿತ್ತು. ಅವನಿಗೆ ಅಷ್ಟು ಸಾಕಾಗಿತ್ತೇನೋ. ನನಗೆ ಸಾಕಾಗಲಿಲ್ಲ.

"ಇನ್ನೊಂದಿದೆ ಕಣೋ. ಅವರು ಫೋನ್ ಮಾಡಿದ್ರು. ಆವತ್ತು, ಹನ್ನೊಂದು ಗಂಟೆಗೆ. ಅಂಗಡೀಲಿ ಗಿರಾಕಿಗಳಿದ್ರು, ಆರು ಜನ. ಆರೇ. ನಾನು ನಿನ್ನ ಕಥೆ ಹೇಳ್ತಿದ್ದೆ, ನೀನು ಹಿಮದಲ್ಲಿ ಸಿಕ್ಕಿಹಾಕ್ಕೊಂಡ ಹಡಗನ್ನ ಒಂದೇ ಕೈಯಲ್ಲಿ ಎಳೆದೆ ಅಂತ. ಒಳ್ಳೇ ಘಟ್ಟ. ಫೋನ್ ಹೊಡೀತು. ಅವರ ಹೆಸರು ಕಾಣಿಸ್ತು. ಸ್ಪ್ಯಾನರ್ ಎಲ್ಲಿಟ್ಟೆ ಅಂತ ಕೇಳೋಕೆ ಇರಬೇಕು, ಆಮೇಲೆ ಮಾಡೋಣ ಅಂದ್ಕೊಂಡೆ. ಅದು ನಿಂತು, ಮತ್ತೆ ಹೊಡೀತು. ಅದನ್ನ ಬೋರಲು ಹಾಕಿ ಇಟ್ಟೆ. ಅದೂ ನಿಲ್ತು. ಎಲ್ಲರೂ ನಗ್ತಿದ್ರು ಕಣೋ. ನಾನೂ ನಗ್ತಿದ್ದೆ. ಕೈಯಲ್ಲಿ ಯಾರದೋ ಬಿಳೀ ಅಂಗಿ ಇತ್ತು. ಎಡಗಡೆ ತೋಳು ಮುಗಿದಿತ್ತು. ಬಲಗಡೇದು ಇನ್ನೂ ಇತ್ತು."