ಮೂರು ಹೋಳಿನ ಪಾಠ

"ಸೋಮವಾರ ಆ ಪಾಠಾನ ಇನ್ನು ಯಾರು ಮಾಡ್ತಾರೆ?"

ಒಂದು ಕಾಲು ಬಸ್ಸಿನ ಮೆಟ್ಟಿಲ ಮೇಲೆ, ಇನ್ನೊಂದು ಗುಂಡ್ಲುಪೇಟೆಯ ನೆಲದ ಮೇಲೆ ಇಟ್ಟು ಚಂದ್ರಕುಮಾರ್ ಯಾರನ್ನೂ ನೋಡದೆ ಕೇಳಿದ.

"ನಾನು ಏಳ್ನೇ ಕ್ಲಾಸು ಫೇಲು ಸಾ. ನನ್ ಕೇಳ್ಬೇಡಿ, ಇಳೀರಿ," ಎಂದು ಕಂಡಕ್ಟರು ಸೀಟಿ ಊದಿದ.

ಚಾಮರಾಜನಗರದಿಂದ ಜೋಪಾನವಾಗಿ ತಂದ ಸುಗಂಧರಾಜದ ಹಾರದ ಮೇಲೆ ತೆರಕಣಾಂಬಿಯಲ್ಲಿ ಯಾರೋ ಈರುಳ್ಳಿ ಚೀಲ ಇಟ್ಟಿದ್ದರು. ಹಾರ ಈಗ ಈರುಳ್ಳಿ ನಾರುತ್ತಿತ್ತು. ಕಣ್ಣಲ್ಲಿ ನೀರು ಬಂದದ್ದು ಅದಕ್ಕೂ ಇರಬಹುದು, ಸೋಮವಾರದ ನೆನಪಿಗೂ ಇರಬಹುದು. ವಿಶ್ವವಿದ್ಯಾಲಯದಿಂದ ಮೂವರು ಬಂದು ಅವನ ಜೀವಶಾಸ್ತ್ರದ ತರಗತಿಯ ಹಿಂದಿನ ಬೆಂಚಿನಲ್ಲಿ ಕೂರುವವರಿದ್ದರು. ಅವರು ಮೆಚ್ಚಿದರೆ ಅತಿಥಿ ಉಪನ್ಯಾಸಕನ ಕೆಲಸ ಇನ್ನೊಂದು ವರ್ಷ. ಮೆಚ್ಚದಿದ್ದರೆ ಅಲ್ಲಿಗೆ ಮುಗಿಯಿತು. ಅವರು ಆರಿಸಿದ ಪಾಠ, ಜೀವಕೋಶದೊಳಗೆ ಮೂರು ಫಾಸ್ಫೇಟಿನ ಜಿಟಿಪಿ ಎಂಬ ಅಣುವನ್ನು ಹಿಡಿದು ಕೆಲಸ ಮಾಡುವ, ಒಂದು ಫಾಸ್ಫೇಟು ಉದುರಿ ಅದು ಜಿಡಿಪಿಯಾದರೆ ನಿಂತುಬಿಡುವ ಸಣ್ಣ ಪ್ರೋಟೀನುಗಳು. ಎಂಟು ವರ್ಷದಿಂದ ಆ ಪಾಠವನ್ನು ಅವನ ಬದಲಿಗೆ ಮಾಡುತ್ತಿದ್ದವನು ಲ್ಯಾಬಿನ ಅಟೆಂಡರ್ ಲಿಂಗಯ್ಯ. ಆ ಲಿಂಗಯ್ಯನ ಮಣ್ಣಿಗೇ ಚಂದ್ರಕುಮಾರ್ ಬಂದಿದ್ದ.

ಸಾವಿನ ಮನೆಗೆ ಹೋಗುವಾಗ ಇಂಥ ಯೋಚನೆ ಪಾಪವೆಂದು ಕೆನ್ನೆ ಬಡಿದುಕೊಂಡ. ಯೋಚನೆ ಜಗ್ಗಲಿಲ್ಲ.

*

ಮೊದಲ ವರ್ಷ ಅವನು ಬೋರ್ಡಿನ ತುಂಬ ಬಾಣ ಬರೆದಿದ್ದ. ಮಕ್ಕಳು ನಿದ್ದೆಹೋದರು. ಬಾಗಿಲ ಬಳಿ ಗಾಜಿನ ನಳಿಗೆ ಒರೆಸುತ್ತಿದ್ದ ಲಿಂಗಯ್ಯ ಕೆಮ್ಮಿದ.

"ಸಾ, ಎಲೆ ಅಡಿಕೆ ಲೆಕ್ಕದಲ್ಲಿ ಯೋಳ್ಲಾ?"

ಹಿಂದಿನ ಮೇಷ್ಟರುಗಳ ಪಾಠವನ್ನೆಲ್ಲ ಆ ಬಾಗಿಲಲ್ಲೇ ನಿಂತು ಇಪ್ಪತ್ತು ವರ್ಷ ಕೇಳಿದವನು. ಗುಡಿಯ ಜಗಲಿಯಲ್ಲಿ ಕೇಳಿ ಕೇಳಿ ಪದ್ಯ ಬಾಯಿಗೆ ಬಂದಂತೆ ಪಾಠ ಬಾಯಿಗೆ ಬಂದಿತ್ತು. ರಾಗವೂ ಇತ್ತು.

"ಪೋಟೀನು ಅಂದ್ರೆ ಜಗಲಿ ಮ್ಯಾಲೆ ಬಿದ್ಕಂಡಿರೋ ಯಜಮಾನ ಅನ್ಕಳಿ. ಬಾಯಲ್ಲಿ ಎರಡೇ ಓಳು ಅಡಿಕೆ ಉಳ್ದಿರೋ ಅಳೇ ಎಲೆ, ಅದು ಜಿಡಿಪಿ. ಅದ ಕಚ್ಕಂಡೇ ನಿದ್ದೆ. ಎಬ್ಸೋಳು ಒಬ್ಳು ಬರ್ಬೇಕು. ಮೂರು ಓಳಿನ ಒಸ ಎಲೆ ಬಾಯಿಗೆ ಬಿದ್ರೆ, ಅದು ಜಿಟಿಪಿ, ಎದ್ದು ಕೂತ್ಕತಾನೆ. ಮುಖದ ಚರ್ಯೆನೇ ಬ್ಯಾರೆ! ಪಕ್ಕದೋರ ಕೈ ಇಡ್ಕಂಡು 'ನೀ ಬೆಳಿ, ನೀ ನಡಿ, ನೀ ಆ ಮೂಟೆ ಸಾಗ್ಸು' ಅಂತಾನೆ. ಒಂದು ಓಳು ಅಗ್ದು ಮುಗೀತಾ, ತಿರ್ಗಾ ಎರಡೋಳು, ತಿರ್ಗಾ ನಿದ್ದೆ."

"ಎಷ್ಟೊತ್ತು ಅಗೀತಾನೆ?" ಎಚ್ಚರಗೊಂಡ ಹುಡುಗಿಯೊಬ್ಬಳು ಕೇಳಿದಳು.

"ಅವನ ಅಲ್ಲು ಸರಿಯಿಲ್ಲ ಕಣಮ್ಮಿ, ಒತ್ತು ಮುಳುಗ್ತದೆ. ಅದ್ಕೇ ಇನ್ನೊಬ್ಳು ಬಂದು ದವಡೆಗೆ ಬೆರಳು ಮಡಗಿ ಒತ್ತಾಳೆ. ಕಟಕ್! ಮಾತು ಬಂದ್. ಆ ಬೆರಳಿಗೂ ಬಗ್ಗದಂಗೆ ದವಡೆ ಕೆಟ್ಟೋದ್ರೆ 'ಬೆಳಿ, ಬೆಳಿ' ಅಂತಾನೇ ಇರ್ತಾನೆ. ಕ್ಯಾನ್ಸರ್ ಗೆಡ್ಡೆ ಏಳದು ಅಂಗೇ."

ಆ ವರ್ಷ ಆ ಪ್ರಶ್ನೆಗೆ ಎಲ್ಲರಿಗೂ ಪೂರ್ತಿ ಅಂಕ. ಪ್ರಾಂಶುಪಾಲರು ಚಂದ್ರಕುಮಾರನ ಬೆನ್ನು ತಟ್ಟಿದರು. ಅವನು ತಟ್ಟಿಸಿಕೊಂಡ. ಮುಂದೆ ಪ್ರತಿವರ್ಷ ಲಿಂಗಯ್ಯ ಶುರುಮಾಡಿದ ಕೂಡಲೇ ಟೀ ಕುಡಿಯಲು ಹೋಗುತ್ತಿದ್ದ.

*

ಮನೆ ತರಕಾರಿ ಮಂಡಿಯ ಹಿಂದಿನ ಬೀದಿಯಲ್ಲಿತ್ತು. ಕುಲದ ಪದ್ಧತಿಯಂತೆ ಕುಳಿತೇ ಮಣ್ಣಿಗೆ ಹೋಗಬೇಕಾದ ಲಿಂಗಯ್ಯನನ್ನು ವಿಭೂತಿ ಬಳಿದು ಅಂಗಳದಲ್ಲಿ ಕೂರಿಸಿದ್ದರು. ಅಣ್ಣ ಸಿದ್ದಮಲ್ಲಪ್ಪ ಎಲೆ ಅಡಿಕೆ ಕುಟ್ಟಿ ತಮ್ಮನ ಬಾಯಿಗೆ ಕೊನೆಯ ತಾಂಬೂಲ ಇಟ್ಟ. ಕೆನ್ನೆ ಉಬ್ಬಿತು. ಲಿಂಗಯ್ಯ ಇನ್ನೇನು ಶುರುಮಾಡುವವನಂತೆ ಕಂಡ. ಚಂದ್ರಕುಮಾರ್ ಅಭ್ಯಾಸಬಲದಿಂದ ಬಾಗಿಲ ಕಡೆ ತಿರುಗಿಬಿಟ್ಟ.

"ಮೂವತ್ತು ವರ್ಸ ಬಾಟ್ಲಿ ತೊಳ್ದ," ಎಂದ ಸಿದ್ದಮಲ್ಲಪ್ಪ. "ಮಾತು ಮಾತ್ರ ಡೀಸಿ ಸಾಹೇಬ್ರುದು."

"ಉದ್ದಿನ ವಡೆ ಕೊಟ್ರೂ 'ಇದು ಪೋಟೀನು ಕಣವ್ವ' ಅನ್ನೋನು," ಪಕ್ಕದ ಮನೆಯ ಈರಮ್ಮ ಮೂಗೊರೆಸಿಕೊಂಡಳು. "ತಿನ್ನಕ್ಕೇ ಭಯ ಆಗೋದು."

"ಮೇಷ್ಟ್ರೇ, ನೀವೊಂದೆರಡು ಮಾತಾಡಿ. ನಿಮ್ ಕೈಕೆಳಗೆ ಇದ್ದೋನು," ಎಂದ ಸಿದ್ದಮಲ್ಲಪ್ಪ.

ಚಂದ್ರಕುಮಾರ್ ಎದ್ದ. ಸುಳ್ಳು ಹೇಳೋಣವೆಂದರೆ ಹೆಣ ಎದುರಿಗೇ ಕೂತಿತ್ತು.

"ಕೈಕೆಳಗಲ್ಲ," ಎಂದ. "ಪಾಠ ಮಾಡ್ತಿದ್ದದ್ದು ಅವರೇ. ನಾನು ಹಾಜರಿ ಕೂಗ್ತಿದ್ದೆ."

ಸಿದ್ದಮಲ್ಲಪ್ಪ ತಮ್ಮನ ಮುಖವನ್ನು ಹೊಸದಾಗಿ ನೋಡಿದ.

"ಅಂಗಾರೆ ಆ ಪಾಠಾನೇ ಒಸಿ ಯೋಳಿ. ನಾವೂ ಕೇಳನ."

ಚಂದ್ರಕುಮಾರ್ ಕೈಮುಗಿದು ಶುರುಮಾಡಿದ. ಜಗಲಿ ಬಂತು, ಯಜಮಾನ ಬಂದ, ಎರಡು ಹೋಳಿನ ನಿದ್ದೆಯೂ ಬಂತು. "ಆಗ ಎಬ್ಬಿಸೋಳು ಬರ್ತಾಳೆ. ಮೂರು ಹೋಳಿನ ಹೊಸ ಎಲೆ ತಂದು ಬಾಯಿಗೆ ಇಡ್ತಾಳೆ…"

"ತಪ್ಪು."

ಗಂಡನ ಕಾಲಬಳಿ ಕೂತಿದ್ದ ಮಾದಮ್ಮ ಬೆಳಗಿನಿಂದ ಆಡಿದ ಮೊದಲ ಮಾತು ಅದು.

"ಅವ್ಳೆಲ್ಲಿ ಇಡ್ತಾಳೆ ಸಾ? ಅಳೇದ ಕಚ್ಕಂಡಿರೋ ಬಾಯಿಗೆ ಒಸದು ಎಲ್ಲಿ ಓದಾತು? ಕೆನ್ನೆ ಅದುಮಿ ಅಳೇದ ಬುಡುಸ್ತಾಳೆ, ಅಷ್ಟೇಯ ಅವಳ ಕೆಲ್ಸ. ಜೀವಕೋಸದ ತುಂಬ ತೇಲಾಡದೆಲ್ಲ ಮೂರೋಳಿನವೇ ಜಾಸ್ತಿ. ಬಾಯಿ ಖಾಲಿಯಾದೇಟ್ಗೆ ತಾನೇ ಬಂದು ಬೀಳ್ತದೆ."

ಎಂಟು ವರ್ಷದ ಹಿಂದೆ ಬೋರ್ಡಿನ ಮೇಲೆ ಅಡ್ಡಾದಿಡ್ಡಿ ಹಾರಾಡಿದ್ದ ಬಾಣಗಳೆಲ್ಲ ಚಂದ್ರಕುಮಾರನ ತಲೆಯಲ್ಲಿ ಒಮ್ಮೆಗೇ ತಿರುಗಿ ಸರಿಯಾಗಿ ನಿಂತವು.

"ಇದನ್ನ ಅವರು ನಿಮಗೆ ಹೇಳಿಕೊಟ್ಟಿದ್ರಾ?"

"ಅವ್ರಾ?" ಮಾದಮ್ಮ ಗಂಡನ ಕಡೆ ನೋಡಿದಳು. "ಕಾಲೇಜಿಂದ ಬಂದು 'ಜಿಟಿಪಿ ಬತ್ತದೆ, ಜಿಡಿಪಿ ಓಯ್ತದೆ' ಅಂತ ಮಂತ್ರದಂಗೆ ಒದರೋರು. ಒಂದಕ್ಸರ ಅರ್ತ ಆಗಿರ್ನಿಲ್ಲ. ಬಾಯಲ್ಲಿ ಎಲೆ ಮಡಿಕಂಡೇ ಮಲಗ್ಬುಡೋರು; ದಿನಾ ಕೆನ್ನೆ ಅದುಮಿ ಉಗುಸ್ತಿದ್ದೋಳು ನಾನು. ಒಂದಿನ ಸಾಕಾಗಿ 'ನಿಮ್ ಪೋಟೀನೂ ಇಂಗೇ ಇರ್ಬೇಕು ಕನಿ' ಅಂದೆ. ಅವತ್ತು ಶುರುವಾದ ಪಾಠ ನೋಡಿ, ನಿನ್ನೆಗಂಟ ನಿಲ್ನಿಲ್ಲ."

ಈರಮ್ಮನಿಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ತುರುಕಿಕೊಂಡು ಅದನ್ನು ಅಳುವಾಗಿ ಮಾಡಿದಳು.

ಸಿದ್ದಮಲ್ಲಪ್ಪ ಕೈಬೀಸಿದ. ನಾಲ್ವರು ಲಿಂಗಯ್ಯನನ್ನು ಕೂತ ಹಾಗೇ ಹೆಗಲಿಗೆ ಎತ್ತಿಕೊಂಡರು. ಗೇಟಿನ ಬಳಿ ಚಂದ್ರಕುಮಾರ್ ಓಡಿಬಂದು ಮಾದಮ್ಮನ ಮುಂದೆ ನಿಂತ. ಕೇಳಬಾರದ ಹೊತ್ತು ಎಂದು ಅವನಿಗೂ ಗೊತ್ತಿತ್ತು.

"ಅಮ್ಮಾ, ಸೋಮವಾರ ಒಂದೇ ಒಂದು ಗಂಟೆ ಕಾಲೇಜಿಗೆ ಬನ್ನಿ. ಕಾರು ಮಾಡ್ಕೊಂಡು ನಾನೇ ಬರ್ತೀನಿ. ನೀವು ಬಾಗಿಲಲ್ಲಿ ನಿಂತ್ರೂ ಸಾಕು, ನನ್ನ ಕೆಲಸ ಉಳೀತದೆ."

ಹೊತ್ತವರು ನಿಂತರು. ಮೇಲೆ ಕೂತ ಲಿಂಗಯ್ಯನ ತಲೆ, ಉಬ್ಬಿದ ಕೆನ್ನೆಯ ಸಮೇತ, ಹೆಂಡತಿಯ ಕಡೆಗೆ ಒಂದಿಷ್ಟು ವಾಲಿತು.

"ಬರಾಕಿಲ್ಲ," ಎಂದಳು ಮಾದಮ್ಮ. "ಒಬ್ಬ ಮೇಷ್ಟ್ರ ತಯಾರು ಮಾಡದ್ರಲ್ಲೇ ನನ್ ಆಯಸ್ಸು ಮುಗೀತು. ಇನ್ನೊಬ್ಬನ್ನ ನನ್ ಕೈಲಾಗಾಕಿಲ್ಲ. ನಡೀರಪ್ಪ."